ಈರುಳ್ಳಿಯ ಒಳಸಿಪ್ಪೆ, ಕೆನ್ನೆಯ ಒಳಗೋಡೆ: ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಬಗೆ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶದ ಬಣ್ಣದ ಚಿತ್ರವೊಂದು ಇದ್ದೇ ಇರುತ್ತದೆ. ಸುತ್ತಲೂ ಗೆರೆ ಎಳೆದು ಹತ್ತು ಹನ್ನೆರಡು ಭಾಗಗಳಿಗೆ ಹೆಸರು ಬರೆದಿರುತ್ತಾರೆ. ಶಾಲೆಯ ಸೂಕ್ಷ್ಮದರ್ಶಕದಡಿ ಈರುಳ್ಳಿಯ ಸಿಪ್ಪೆ ಇಟ್ಟು ನೋಡಿದರೆ ಅವುಗಳಲ್ಲಿ ಮೂರೋ ನಾಲ್ಕೋ ಕಾಣುತ್ತವೆ. ಉಳಿದವು ಎಲ್ಲಿ ಹೋದವು ಎಂದು ಯಾರೂ ಕೇಳುವುದಿಲ್ಲ; ಪುಸ್ತಕದ ಚಿತ್ರವನ್ನೇ ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಾರೆ. ಬೆಳಕು ಕಾಣದ ಈರುಳ್ಳಿಯ ಪದರದೊಳಗೆ, ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕ್ಲೋರೊಪ್ಲಾಸ್ಟ್‌ಗಳನ್ನು ಬರೆದವರಿಗೂ ಅಂಕ ಸಿಗುತ್ತದೆ.

ಆ ಚಿತ್ರ ಸುಳ್ಳಲ್ಲ. ಆದರೆ ಅದು ಒಂದೇ ಉಪಕರಣದಲ್ಲಿ ಒಂದೇ ಬಾರಿಗೆ ಕಂಡ ದೃಶ್ಯವೂ ಅಲ್ಲ. ಗೋಡೆಗಳನ್ನು ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ತೋರಿಸಿದ. ಕೋಶಕೇಂದ್ರಕ್ಕೆ ರಾಬರ್ಟ್ ಬ್ರೌನ್ ಹೆಸರಿಟ್ಟದ್ದು 1831ರಲ್ಲಿ, ಆರ್ಕಿಡ್ ಗಿಡಗಳನ್ನು ನೋಡುತ್ತಿದ್ದಾಗ. ಪ್ರೋಟೀನ್ ತಯಾರಿಸುವ ಸೂಕ್ಷ್ಮ ಕಣಗಳಾದ ರೈಬೋಸೋಮ್‌ಗಳು ಕಣ್ಣಿಗೆ ಬೀಳಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಬೇಕಾಯಿತು, ಅದು 1950ರ ದಶಕದ ಮಾತು. ಹೀಗೆ ಸುಮಾರು ಮುನ್ನೂರು ವರ್ಷಗಳ ನೋಟವನ್ನು ಒಂದೇ ಪುಟದಲ್ಲಿ ಕೂಡಿಸಿದ ಚಿತ್ರ ಅದು. ಆದ್ದರಿಂದ ಕೆಲಸಕ್ಕೆ ಕೂರುವ ಮೊದಲು ಆ ಪುಟವನ್ನು ಮುಚ್ಚಿಡಿ.

ಏನೇನು ಬೇಕು

ಡಬ್ಬಿಯ ಮೇಲೆ 1200 ಪಟ್ಟು ಎಂದು ಅಚ್ಚಾಗಿರುವ ಆಟಿಕೆ ಸೂಕ್ಷ್ಮದರ್ಶಕವನ್ನು ಕೊಳ್ಳಬೇಡಿ. ಕಣ್ಣಿಡುವ ತುದಿಯ ಐಪೀಸ್ 10 ಪಟ್ಟು, ಕೆಳಗಿನ ಆಬ್ಜೆಕ್ಟಿವ್ 40 ಪಟ್ಟು ಇದ್ದರೆ ಒಟ್ಟು ವರ್ಧನೆ 400. ಇಲ್ಲಿ ಹೇಳುವ ಎಲ್ಲ ಕೆಲಸಕ್ಕೂ ಅಷ್ಟು ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚಿನ ಐಪೀಸ್ ಹಾಕಿದರೆ ಚಿತ್ರ ದೊಡ್ಡದಾಗುತ್ತದೆ, ಹೊಸ ವಿವರವೇನೂ ಸಿಗುವುದಿಲ್ಲ.

ವಿವರವನ್ನು ನಿರ್ಧರಿಸುವುದು ಆಬ್ಜೆಕ್ಟಿವ್. 40ರ ಮಸೂರದ ಲೋಹದ ಮೈಮೇಲೆ ಸಾಮಾನ್ಯವಾಗಿ 0.65 ಎಂದೂ, ಅದರ ಪಕ್ಕದಲ್ಲೋ ಕೆಳಗೋ 160/0.17 ಎಂದೂ ಕೆತ್ತಿರುತ್ತಾರೆ. 0.65 ಎಂಬುದು ಅದು ಎಷ್ಟು ಅಗಲದ ಬೆಳಕಿನ ಶಂಕುವನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂಬುದರ ಅಳತೆ. ಅಂಥ ಮಸೂರದಲ್ಲಿ ಸುಮಾರು ಅರ್ಧ ಮೈಕ್ರೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕಿಗಳು ಒಂದಾಗಿಯೇ ಕಾಣುತ್ತವೆ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇನ್ನು 160 ಎಂಬುದು ಸೂಕ್ಷ್ಮದರ್ಶಕದ ಕೊಳವೆಯ ಉದ್ದ, 0.17 ಎಂಬುದು ನೋಡುವ ವಸ್ತುವಿನ ಮೇಲೆ ಮುಚ್ಚುವ ತೆಳುಗಾಜಾದ ಕವರ್‌ಸ್ಲಿಪ್‌ನ ದಪ್ಪ, ಎರಡೂ ಮಿಲಿಮೀಟರಿನಲ್ಲಿ. ಆ ತೆಳುಗಾಜಿನ ಮೂಲಕ ನೋಡುವುದಕ್ಕೆಂದೇ ಮಸೂರವನ್ನು ರೂಪಿಸಿರುತ್ತಾರೆ. ಕವರ್‌ಸ್ಲಿಪ್ ಇಲ್ಲದೆ ನೋಡಿದರೆ ಚಿತ್ರ ಮಸುಕಾಗುತ್ತದೆ.

ಹರಿಯಾಣದ ಅಂಬಾಲಾದಲ್ಲಿ ತಯಾರಾಗಿ ದೇಶದ ಶಾಲೆಗಳಿಗೆಲ್ಲ ಹೋಗುವ ಸಾಧಾರಣ ವಿದ್ಯಾರ್ಥಿ ಸೂಕ್ಷ್ಮದರ್ಶಕ ಸಾಕು. ಅದೂ ಕೈಗೆಟುಕದಿದ್ದರೆ ಮನು ಪ್ರಕಾಶ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ, ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಇದೆ. ಅದರ ವರ್ಧನೆ ಸುಮಾರು 140 ಪಟ್ಟು. ಈರುಳ್ಳಿಯ ಕೋಶಗಳಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ.

ಉಳಿದವು ಸಣ್ಣಪುಟ್ಟ ಸಾಮಾನುಗಳು: ಗಾಜಿನ ಸ್ಲೈಡ್, ಕವರ್‌ಸ್ಲಿಪ್, ಡ್ರಾಪರ್, ಚಿಮಟ, ಸೂಜಿ, ಬ್ಲೇಡು, ಬ್ಲಾಟಿಂಗ್ ಕಾಗದ. ಬಣ್ಣಗಳಲ್ಲಿ ಸಸ್ಯಕೋಶಕ್ಕೆ ಸ್ಯಾಫ್ರನಿನ್ ಅಥವಾ ಅಯೋಡಿನ್, ಕೆನ್ನೆಯ ಕೋಶಕ್ಕೆ ಮೆಥಿಲೀನ್ ಬ್ಲೂ. ಔಷಧದ ಅಂಗಡಿಯ ಟಿಂಕ್ಚರ್ ಅಯೋಡಿನ್‌ಗೆ ನೀರು ಬೆರೆಸಿ ತಿಳಿ ಕಂದು ಬಣ್ಣಕ್ಕೆ ತಂದರೆ ಅದೇ ಆಯಿತು. ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲಿ ಮೀನಿನ ರೋಗಕ್ಕೆಂದು ಮೆಥಿಲೀನ್ ಬ್ಲೂ ಇಟ್ಟಿರುತ್ತಾರೆ. ಬಟ್ಟೆಗೆ ತಗುಲಿದರೆ ಇದು ಸುಲಭಕ್ಕೆ ಹೋಗುವುದಿಲ್ಲ. ಹಳೆಯ ಅಂಗಿ ತೊಟ್ಟುಕೊಂಡೇ ಕೂರಿ.

ಬೆಳಕನ್ನು ಪಳಗಿಸುವುದು

ಹೊಸಬರು ಕೆಡುವುದು ಹೆಚ್ಚಾಗಿ ಇಲ್ಲಿ. ಬೆಳಕು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ ಎಂದುಕೊಳ್ಳುತ್ತಾರೆ. ಬಣ್ಣ ಹಾಕದ ಕೋಶ ಹೆಚ್ಚುಕಡಿಮೆ ಪಾರದರ್ಶಕ. ಕಣ್ಣು ಕುಕ್ಕುವ ಬೆಳಕಿನಲ್ಲಿ ಅದರ ಅಂಚುಗಳು ಅಳಿಸಿಹೋಗುತ್ತವೆ. ವೇದಿಕೆಯ ಅಡಿಯಲ್ಲಿರುವ, ಬೆಳಕಿನ ದಾರಿಯನ್ನು ಹಿರಿದು ಕಿರಿದು ಮಾಡುವ ಡಯಾಫ್ರಂ ಅನ್ನು ನಿಧಾನವಾಗಿ ಮುಚ್ಚುತ್ತ ಬನ್ನಿ. ಒಂದು ಹಂತದಲ್ಲಿ ಗೋಡೆಗಳು ಸ್ಪಷ್ಟವಾಗಿ ಎದ್ದು ನಿಲ್ಲುತ್ತವೆ, ಅಲ್ಲಿಗೆ ನಿಲ್ಲಿಸಿ. ತೀರ ಮುಚ್ಚಿದರೆ ಪ್ರತಿ ಗೆರೆಯ ಪಕ್ಕದಲ್ಲೂ ಇಲ್ಲದ ನೆರಳುಗೆರೆಗಳು ಹುಟ್ಟಿಕೊಳ್ಳುತ್ತವೆ.

ಕನ್ನಡಿ ಇರುವ ಸೂಕ್ಷ್ಮದರ್ಶಕವಾದರೆ ಕಿಟಕಿಯ ಪಕ್ಕ ಕುಳಿತು ಆಕಾಶದ ಬೆಳಕನ್ನು ಹಿಡಿಯಿರಿ. ಬಿಸಿಲನ್ನೇ ನೇರವಾಗಿ ಕನ್ನಡಿಗೆ ಬೀಳಿಸಬಾರದು, ಕಣ್ಣಿಗೆ ಅಪಾಯ. ವೇದಿಕೆಯಡಿ ಕಂಡೆನ್ಸರ್, ಅಂದರೆ ಬೆಳಕನ್ನು ವಸ್ತುವಿನ ಮೇಲೆ ಕೂಡಿಸುವ ಮಸೂರ, ಇದ್ದರೆ ಕನ್ನಡಿಯ ಚಪ್ಪಟೆ ಮುಖ, ಇಲ್ಲದಿದ್ದರೆ ತಗ್ಗಾದ ಮುಖ ಬಳಸಬೇಕು.

ಕೈ ಪಳಗಲು ಮೊದಲ ಸ್ಲೈಡ್ ದಿನಪತ್ರಿಕೆಯದ್ದೇ ಆಗಲಿ. ಸಣ್ಣ ಅಚ್ಚಿನ ಒಂದು ‘ಕ’ ಅಕ್ಷರ ಕತ್ತರಿಸಿ, ಒಂದು ಹನಿ ನೀರು ಹಾಕಿ, ಕವರ್‌ಸ್ಲಿಪ್ ಮುಚ್ಚಿ 4ರ ಮಸೂರದಲ್ಲಿ ನೋಡಿ. ಅಕ್ಷರ ತಲೆಕೆಳಗಾಗಿರುತ್ತದೆ, ಎಡ ಬಲ ಕೂಡ ಅದಲುಬದಲಾಗಿರುತ್ತದೆ. ಸ್ಲೈಡನ್ನು ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಓಡುತ್ತದೆ. ಕೈಗೆ ಇದು ಒಗ್ಗಿದ ಮೇಲೆಯೇ ಕೋಶಗಳ ಕಡೆಗೆ ಹೋಗಿ.

ಈರುಳ್ಳಿ

ದೊಡ್ಡ ಈರುಳ್ಳಿ ಆರಿಸಿಕೊಳ್ಳಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಪುಟ್ಟ ಬೆಂಗಳೂರು ರೋಸ್ ಈರುಳ್ಳಿಯಲ್ಲೂ ಆಗುತ್ತದೆ, ಆದರೆ ಅದರ ಪದರ ಹೆಚ್ಚು ಬಾಗಿರುವುದರಿಂದ ಸಿಪ್ಪೆ ಸುಲಿಯಲು ತಾಳ್ಮೆ ಬೇಕು.

1. ಈರುಳ್ಳಿಯನ್ನು ನಾಲ್ಕು ಭಾಗ ಮಾಡಿ, ಒಳಗಿನ ರಸಭರಿತ ಪದರವೊಂದನ್ನು ಬಿಡಿಸಿಕೊಳ್ಳಿ.
2. ಅದನ್ನು ಹೊರಬದಿಯ ಕಡೆಗೆ ಬಗ್ಗಿಸಿ ಲಟಕ್ಕನೆ ಮುರಿಯಿರಿ. ತಗ್ಗಾದ ಒಳಬದಿಯಲ್ಲಿ ಗಾಜಿನಷ್ಟು ತೆಳುವಾದ ಸಿಪ್ಪೆ ಮುರಿದ ತುದಿಯಲ್ಲಿ ಜೋತಾಡುತ್ತದೆ. ಚಿಮಟದಿಂದ ಹಿಡಿದು ನಿಧಾನವಾಗಿ ಎಳೆಯಿರಿ.
3. ಎಳೆದ ತಕ್ಷಣ ನೀರಿರುವ ಬಟ್ಟಲಿಗೆ ಹಾಕಿ. ಗಾಳಿಯಲ್ಲಿ ಹಿಡಿದುಕೊಂಡರೆ ಸುರುಳಿ ಸುತ್ತಿಕೊಳ್ಳುತ್ತದೆ, ಒಣಗುತ್ತದೆ.
4. ನೀರಿನಲ್ಲೇ ಅರ್ಧ ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ, ಸ್ಲೈಡ್ ಮೇಲಿನ ಒಂದು ಹನಿ ನೀರಿನಲ್ಲಿ ಮಡಿಕೆಯಿಲ್ಲದೆ ಹರಡಿ.
5. ಕವರ್‌ಸ್ಲಿಪ್‌ನ ಒಂದು ಅಂಚನ್ನು ಹನಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ಮೆಲ್ಲಗೆ ಇಳಿಸಿ. ಹೊರಬಂದ ನೀರನ್ನು ಬ್ಲಾಟಿಂಗ್ ಕಾಗದದಿಂದ ಒತ್ತಿ ತೆಗೆಯಿರಿ.

ಬಣ್ಣವನ್ನು ಈಗಲೇ ಹಾಕಬೇಡಿ. ಹೆಚ್ಚಿನ ಕೈಪಿಡಿಗಳು ಮೊದಲೇ ಹಾಕಿ ಎನ್ನುತ್ತವೆ. ನನ್ನ ಮತ ಬೇರೆ. ಬಣ್ಣವಿಲ್ಲದ ಕೋಶವನ್ನು ಒಮ್ಮೆ ನೋಡಿದವರಿಗಷ್ಟೇ ಬಣ್ಣ ಏನು ಮಾಡುತ್ತದೆ ಎಂಬುದು ಅರ್ಥವಾಗುತ್ತದೆ.

4 ಅಥವಾ 10ರ ಮಸೂರದಿಂದ ಆರಂಭಿಸಿ. ಪಕ್ಕದಿಂದ ನೋಡುತ್ತ ಮಸೂರವನ್ನೂ ಸ್ಲೈಡನ್ನೂ ಹತ್ತಿರ ತನ್ನಿ. ಆಮೇಲೆ ಐಪೀಸ್‌ನಲ್ಲಿ ಕಣ್ಣಿಟ್ಟು ಅವೆರಡೂ ದೂರವಾಗುವಂತೆ ದೊಡ್ಡ ತಿರುಗುಣಿಯನ್ನು ತಿರುಗಿಸಿ. ಈ ಕ್ರಮ ತಪ್ಪಿಸದಿದ್ದರೆ ಒಂದು ಕವರ್‌ಸ್ಲಿಪ್ಪೂ ಒಡೆಯುವುದಿಲ್ಲ. ಚಿತ್ರ ಸ್ಪಷ್ಟವಾದ ಬಳಿಕ ನಿಮಗೆ ಬೇಕಾದ ಕೋಶವನ್ನು ನಡುವಿಗೆ ತಂದು 40ರ ಮಸೂರಕ್ಕೆ ತಿರುಗಿಸಿ. ಇಲ್ಲಿ ಸಣ್ಣ ತಿರುಗುಣಿ ಮಾತ್ರ. ಈ ಮಸೂರಕ್ಕೂ ಗಾಜಿಗೂ ನಡುವೆ ಒಂದು ಮಿಲಿಮೀಟರ್ ಜಾಗವೂ ಇರುವುದಿಲ್ಲ. 100ರ ಮಸೂರ ಎಣ್ಣೆ ಹನಿಸಿ ನೋಡುವಂಥದ್ದು, ಈ ಕೆಲಸಕ್ಕೆ ಅದನ್ನು ಮುಟ್ಟುವುದೇ ಬೇಡ.

ಈಗ ಬಣ್ಣ. ಕವರ್‌ಸ್ಲಿಪ್ ತೆಗೆಯುವ ಅಗತ್ಯವಿಲ್ಲ. ಒಂದು ಅಂಚಿಗೆ ಒಂದು ಹನಿ ಅಯೋಡಿನ್ ಬಿಟ್ಟು, ಎದುರು ಅಂಚಿಗೆ ಬ್ಲಾಟಿಂಗ್ ಕಾಗದ ಹಿಡಿಯಿರಿ. ಕಾಗದ ನೀರು ಹೀರಿದಂತೆ ಬಣ್ಣ ಅಡಿಯಿಂದ ಹರಿದು ಬರುತ್ತದೆ. ಕಣ್ಣು ತೆಗೆಯದೆ ನೋಡುತ್ತಿದ್ದರೆ ಖಾಲಿ ಎನಿಸಿದ್ದ ಕೋಶಗಳಲ್ಲಿ ಒಂದೊಂದಾಗಿ ಕೋಶಕೇಂದ್ರಗಳು ಹಳದಿ-ಕಂದಾಗಿ ಮೂಡುತ್ತವೆ. ಸ್ಯಾಫ್ರನಿನ್ ಬಳಸಿದರೆ ಕೆಂಪಾಗಿ ಮೂಡುತ್ತವೆ.

ಕಂಡದ್ದು ಏನು, ಕಾಣದ್ದು ಏನು

ಕೋಶಭಿತ್ತಿಗಳು ನಿಸ್ಸಂಶಯವಾಗಿ ಕಾಣುತ್ತವೆ. ಉದ್ದನೆಯ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿರುತ್ತವೆ. ಕೋಶಕೇಂದ್ರ ಕಾಣುತ್ತದೆ, ಚೆನ್ನಾಗಿ ಫೋಕಸ್ ಮಾಡಿದರೆ ಅದರೊಳಗೆ ಒಂದೆರಡು ಚುಕ್ಕಿಗಳು, ಅಂದರೆ ನ್ಯೂಕ್ಲಿಯೋಲಸ್‌ಗಳು, ಸಿಗಬಹುದು. ಕೋಶದ್ರವ್ಯ ಗೋಡೆಗೆ ಅಂಟಿದ ತೆಳು ಪಟ್ಟಿಯಾಗಿ, ಸಣ್ಣ ಕಣಗಳ ಸಾಲಾಗಿ ತೋರುತ್ತದೆ. ನಡುವಿನ ವಿಶಾಲ ಖಾಲಿ ಜಾಗವೇ ರಸದಾನಿ. ಅದು ಖಾಲಿಯಲ್ಲ, ನೀರಿನಂಥ ರಸ ತುಂಬಿದೆ; ಬಣ್ಣವಿಲ್ಲದ್ದರಿಂದ ಹಾಗೆ ಕಾಣುತ್ತದೆ.

ಸಸ್ಯಕೋಶದ ಕೋಶಕೇಂದ್ರವನ್ನು ರಸದಾನಿ ಅಂಚಿಗೆ ತಳ್ಳಿರುತ್ತದೆ ಎಂದು ಓದಿರುತ್ತೀರಿ. ಆದರೆ ಎದುರಿಗಿರುವ ಕೋಶಗಳಲ್ಲಿ ಕೆಲವಕ್ಕೆ ಅದು ನಟ್ಟನಡುವೆಯೇ ಇದೆಯಲ್ಲ? ಇನ್ನು ಕೆಲವಕ್ಕೆ ಇಲ್ಲವೇ ಇಲ್ಲ! ಸಣ್ಣ ತಿರುಗುಣಿಯನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ. ಇಲ್ಲದ ಕೋಶಕೇಂದ್ರ ಒಂದು ಆಳದಲ್ಲಿ ಪ್ರತ್ಯಕ್ಷವಾಗುತ್ತದೆ, ನಡುವೆ ಇದ್ದದ್ದು ಮಸುಕಾಗುತ್ತದೆ. ಕೋಶಕ್ಕೆ ಉದ್ದ ಅಗಲದ ಜೊತೆ ಆಳವೂ ಇದೆ. ಕೋಶಕೇಂದ್ರ ಮೇಲಿನ ಅಥವಾ ಕೆಳಗಿನ ಗೋಡೆಗೆ ಅಂಟಿಕೊಂಡಿದ್ದರೆ, ಮೇಲಿನಿಂದ ನೋಡುವ ನಮಗೆ ನಡುವಿನಲ್ಲಿದ್ದಂತೆ ಕಾಣುತ್ತದೆ. ಕಾಗದದ ಚಿತ್ರದಲ್ಲಿ ಎಂದಿಗೂ ಸಿಗದ ಸಂಗತಿಯಿದು. ಇದೊಂದಕ್ಕಾಗಿಯಾದರೂ ಸೂಕ್ಷ್ಮದರ್ಶಕದ ಮುಂದೆ ಕೂರಬೇಕು ಎನ್ನುತ್ತೇನೆ.

ಗುಂಡಗೆ, ದಪ್ಪ ಕಪ್ಪು ಅಂಚಿನೊಡನೆ ಹೊಳೆಯುವ ವಸ್ತು ಕಂಡರೆ ಅದು ಗಾಳಿಗುಳ್ಳೆ. ಅದನ್ನು ಕೋಶವೆಂದು ಬರೆದ ಚಿತ್ರಗಳಿಗೆ ಲೆಕ್ಕವಿಲ್ಲ.

ಕೋಶಪೊರೆಯೋ? ಅದರ ದಪ್ಪ ಮಿಲಿಮೀಟರಿನ ಲಕ್ಷದ ಒಂದು ಭಾಗದ ಆಸುಪಾಸು. ನಮ್ಮ ಮಸೂರ ಬೇರ್ಪಡಿಸಬಲ್ಲ ಅಂತರಕ್ಕಿಂತ ಐವತ್ತು ಪಟ್ಟು ಕಡಿಮೆ. ಅದು ಗೆರೆಯಾಗಿ ಕಾಣುವುದಿಲ್ಲ. ಭಿತ್ತಿಯ ಒಳಗೆ ಇನ್ನೊಂದು ಗೆರೆ ಎಳೆದು ‘ಕೋಶಪೊರೆ’ ಎಂದು ಬರೆದರೆ ಅದು ನೋಡಿದ್ದಲ್ಲ, ಓದಿದ್ದು. ಆದರೆ ಪೊರೆ ಅಲ್ಲಿದೆ ಎಂಬುದಕ್ಕೆ ಸಾಕ್ಷ್ಯ ಪಡೆಯಲು ದಾರಿಯಿದೆ.

ರಿಯೋ ಎಲೆಗೆ ಉಪ್ಪುನೀರು

ಮೇಲೆ ಹಸಿರು, ಕೆಳಗೆ ಗಾಢ ನೇರಳೆ ಇರುವ ಉದ್ದ ಎಲೆಗಳ ರಿಯೋ ಗಿಡ ಉದ್ಯಾನಗಳ ಅಂಚಿನಲ್ಲೂ ಶಾಲೆಗಳ ಕುಂಡದಲ್ಲೂ ಸಾಮಾನ್ಯ. ಎಲೆಯನ್ನು ಓರೆಯಾಗಿ ಹರಿದರೆ ಕೆಳಬದಿಯ ನೇರಳೆ ಸಿಪ್ಪೆ ಹರಿದ ಅಂಚಿನಲ್ಲಿ ಉಳಿಯುತ್ತದೆ. ಹಸಿರು ಅಂಟಿರದ, ಪಾರದರ್ಶಕ ತುಂಡನ್ನೇ ಕತ್ತರಿಸಿಕೊಳ್ಳಿ. ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಬಳಿಕ ಕೈ ತೊಳೆಯಿರಿ.

ಬಣ್ಣ ಹಾಕುವ ಗೊಡವೆಯೇ ಇಲ್ಲ, ರಸದಾನಿಯಲ್ಲೇ ನೇರಳೆ ಬಣ್ಣವಿದೆ. ನೇರಳೆ ಕೋಶಗಳ ನಡುವೆ ಅಲ್ಲಲ್ಲಿ ಹಸಿರು ಜೋಡಿಕೋಶಗಳ ಪತ್ರರಂಧ್ರಗಳು (ಎಲೆ ಉಸಿರಾಡುವ ರಂಧ್ರಗಳು), ಅವುಗಳ ಸುತ್ತ ನಾಲ್ಕು ಸಹಾಯಕ ಕೋಶಗಳು. ಇಷ್ಟನ್ನು ಮೊದಲು ನೀರಿನಲ್ಲಿಟ್ಟು ನೋಡಿಕೊಳ್ಳಿ.

ಆಮೇಲೆ 100 ಮಿಲಿಲೀಟರ್ ನೀರಿಗೆ 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ, ಉಪ್ಪು ಕರಗಿಸಿ, ಅಯೋಡಿನ್ ಹರಿಸಿದ ರೀತಿಯಲ್ಲೇ ಕವರ್‌ಸ್ಲಿಪ್‌ನ ಅಡಿಗೆ ಹರಿಸಿ. ಕೆಲವೇ ನಿಮಿಷಗಳಲ್ಲಿ ನೇರಳೆ ರಾಶಿ ಮೂಲೆಗಳಿಂದ ಬಿಟ್ಟುಕೊಂಡು ಒಳಕ್ಕೆ ಕುಗ್ಗುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಅಭಿಸರಣೆಯಿಂದ, ಅಂದರೆ ಉಪ್ಪು ಹೆಚ್ಚಿರುವ ಕಡೆಗೆ ನೀರು ಸಾಗುವುದರಿಂದ, ನೀರು ಹೊರಗೆ ಹೋಯಿತು, ಬಣ್ಣ ಹೊರಗೆ ಹೋಗಲಿಲ್ಲ. ನೀರನ್ನು ಬಿಟ್ಟು ಬಣ್ಣವನ್ನು ತಡೆದ ಏನೋ ಒಂದು ಗೋಡೆಗೂ ರಸಕ್ಕೂ ನಡುವೆ ಇದೆ ಎಂದಾಯಿತು. ಪ್ಲಾಸ್ಮಾಲಿಸಿಸ್ ಎಂದು ಪುಸ್ತಕದಲ್ಲಿ ಓದುವುದು ಇದನ್ನೇ.

ತಡಮಾಡದೆ ಉಪ್ಪುನೀರನ್ನು ತೆಗೆದು ಬರಿಯ ನೀರು ಹರಿಸಿದರೆ ಬಹಳಷ್ಟು ಕೋಶಗಳು ಮತ್ತೆ ತುಂಬಿಕೊಳ್ಳುತ್ತವೆ. ಇದೇ ಪ್ರಯೋಗವನ್ನು ಕುದಿಸಿದ ಎಲೆಯಲ್ಲಿ ಮಾಡಿ ನೋಡಿ, ಏನೂ ಆಗುವುದಿಲ್ಲ. ಪೊರೆ ಸತ್ತು, ಬಣ್ಣವೆಲ್ಲ ಕುದಿಸಿದ ನೀರಿಗೇ ಸೋರಿರುತ್ತದೆ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ಹೊರಬದಿಯ ನೇರಳೆ ಸಿಪ್ಪೆಯಲ್ಲೂ ಇದು ಸಾಧ್ಯ.

ಕ್ಲೋರೊಪ್ಲಾಸ್ಟ್ ನೋಡಲೇಬೇಕು ಎನ್ನುವವರು ಕೆರೆಯಿಂದಲೋ ಮೀನಿನ ಅಂಗಡಿಯಿಂದಲೋ ಹೈಡ್ರಿಲ್ಲಾದ ಒಂದು ಕಡ್ಡಿ ತನ್ನಿ. ಅದರ ಎಲೆ ಎರಡೇ ಕೋಶಗಳಷ್ಟು ದಪ್ಪ. ಸುಲಿಯುವುದೂ ಬೇಡ, ಕತ್ತರಿಸುವುದೂ ಬೇಡ, ಇಡೀ ಎಳೆಯ ಎಲೆಯನ್ನು ನೀರಿನಲ್ಲಿ ಹರಡಿದರೆ ಸಾಕು. ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದು, ನಡುನರದ ಬಳಿಯ ಕೋಶಗಳನ್ನು 40ರಲ್ಲಿ ನೋಡುತ್ತ ಕಾಯಿರಿ. ಹಸಿರು ಕಣಗಳು ಗೋಡೆಯ ಬದಿಗುಂಟ ಒಂದರ ಹಿಂದೊಂದು ಸಾಗುತ್ತಿರುತ್ತವೆ.

ಕೆನ್ನೆಯ ಕೋಶ

ಪ್ರಾಣಿಕೋಶಕ್ಕೆ ನಾವೇ ಸಾಕು. ರಕ್ತದ ಹನಿ ತೆಗೆಯುವ ಉಮೇದು ಮಾತ್ರ ಬೇಡ. ಸೂಜಿಯಿಂದ ಸೋಂಕು ಹರಡುತ್ತದೆ. ಕೆನ್ನೆಯ ಕೋಶದಲ್ಲೂ ಪ್ರತಿಯೊಬ್ಬರೂ ತಮ್ಮದನ್ನಷ್ಟೇ ತೆಗೆದುಕೊಳ್ಳಬೇಕು, ಕಡ್ಡಿಯನ್ನು ಹಂಚಿಕೊಳ್ಳಬಾರದು.

ಊಟ ಮಾಡಿದ್ದರೆ ಚೆನ್ನಾಗಿ ಬಾಯಿ ಮುಕ್ಕಳಿಸಿ. ಹೊಸ ಹತ್ತಿಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಉಜ್ಜಿ. ಒಸಡು, ಹಲ್ಲು ಬೇಡ. ಕೆರೆಯುವುದಂತೂ ಬೇಡವೇ ಬೇಡ. ಕಡ್ಡಿಯನ್ನು ಸ್ಲೈಡ್‌ನ ನಡುವೆ ಹೊರಳಿಸಿ ತೆಳುವಾಗಿ ಸವರಿ, ಗಾಳಿಗೆ ಆರಲು ಬಿಡಿ. ಅದರ ಮೇಲೆ ತೆಳುಗೊಳಿಸಿದ ಮೆಥಿಲೀನ್ ಬ್ಲೂ ಒಂದು ಹನಿ ಹಾಕಿ ಒಂದೆರಡು ನಿಮಿಷ ಕಾಯಿರಿ. ಸ್ಲೈಡನ್ನು ಓರೆ ಹಿಡಿದು ಹೆಚ್ಚಿನ ಬಣ್ಣವನ್ನು ಹರಿಯಬಿಟ್ಟು, ಒಂದು ಹನಿ ಉಪ್ಪುನೀರು ಹಾಕಿ ಕವರ್‌ಸ್ಲಿಪ್ ಮುಚ್ಚಿ. ಈ ಉಪ್ಪುನೀರು ರಿಯೋಗೆ ಬಳಸಿದ್ದಲ್ಲ, ಲೀಟರಿಗೆ 9 ಗ್ರಾಂ ಮಾತ್ರ ಉಪ್ಪಿರುವುದು. ಭಿತ್ತಿಯ ಆಸರೆಯಿಲ್ಲದ ಕೋಶಕ್ಕೆ ತನ್ನೊಳಗಿನಷ್ಟೇ ಉಪ್ಪಿನಂಶದ ನೀರು ಹಿತ.

10ರ ಮಸೂರದಲ್ಲಿ ಮೊದಲು ನಿರಾಶೆಯಾಗುತ್ತದೆ. ಈರುಳ್ಳಿಯ ಹಾಗೆ ಕಣ್ತುಂಬ ಸಾಲುಗಳಿಲ್ಲ. ನೀಲಿ ಚೂರುಗಳು ಚೆಲ್ಲಿದ ಅವಲಕ್ಕಿಯ ಹಾಗೆ ಅಲ್ಲಲ್ಲಿ ಬಿದ್ದಿರುತ್ತವೆ, ಕೆಲವು ಮಡಚಿಕೊಂಡಿರುತ್ತವೆ, ಕೆಲವು ಒಂದರ ಮೇಲೊಂದು. ಒಂಟಿಯಾಗಿ, ಚಪ್ಪಟೆಯಾಗಿ ಬಿದ್ದಿರುವ ಒಂದನ್ನು ಹುಡುಕಿ 40ಕ್ಕೆ ಹೋಗಿ. ಅಂಕುಡೊಂಕು ಅಂಚು, ತಿಳಿನೀಲಿ ಕೋಶದ್ರವ್ಯ, ನಡುವೆ ಕಡುನೀಲಿ ಕೋಶಕೇಂದ್ರ. ಭಿತ್ತಿಯಿಲ್ಲ, ದೊಡ್ಡ ರಸದಾನಿಯೂ ಇಲ್ಲ. ಕೋಶ ಎಲ್ಲಿ ಮುಗಿಯುತ್ತದೋ ಅಲ್ಲಿ ಪೊರೆ ಇರಬೇಕು ಎಂದು ಊಹಿಸುತ್ತೇವೆ; ಪೊರೆಯನ್ನೇ ಕಂಡೆವು ಎನ್ನಲಾಗದು.

ಕೋಶದ ಮೇಲೆ ಅತಿ ಸಣ್ಣ ಕಡುನೀಲಿ ಚುಕ್ಕಿಗಳೋ ಕಡ್ಡಿಗಳೋ ಗುಂಪಾಗಿದ್ದರೆ ಅವು ಕೋಶದ ಭಾಗಗಳಲ್ಲ, ಬಾಯಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು. ಎಲ್ಲರ ಬಾಯಲ್ಲೂ ಇರುತ್ತವೆ, ಗಾಬರಿ ಬೇಡ. ಅವುಗಳನ್ನು ಮೈಟೋಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗಗಳು) ಎಂದು ಗುರುತಿಸಿಬಿಡಬೇಡಿ. ಮೈಟೋಕಾಂಡ್ರಿಯ ನೋಡಲು ಬೇರೆಯೇ ಬಣ್ಣ, ಬೇರೆಯೇ ತಯಾರಿ ಬೇಕು.

ಕೆಲಸ ಮುಗಿದ ಮೇಲೆ ಕಡ್ಡಿ, ಸ್ಲೈಡ್ ಎರಡನ್ನೂ ಬ್ಲೀಚ್ ಬೆರೆಸಿದ ನೀರಿನಲ್ಲಿ ಮುಳುಗಿಸಿಟ್ಟು ನಂತರ ವಿಲೇವಾರಿ ಮಾಡಿ.

ಅಳತೆ ಮತ್ತು ಚಿತ್ರ

ಪಾರದರ್ಶಕ ಸ್ಕೇಲನ್ನು ಸ್ಲೈಡ್ ಜಾಗದಲ್ಲಿಟ್ಟು 4ರ ಮಸೂರದಲ್ಲಿ ವೃತ್ತದ ಅಡ್ಡಗಲಕ್ಕೆ ಎಷ್ಟು ಮಿಲಿಮೀಟರ್ ಗೆರೆಗಳು ಹಿಡಿಯುತ್ತವೆ ನೋಡಿ. ನಾಲ್ಕೂವರೆ ಎಂದಿಟ್ಟುಕೊಂಡರೆ 10ರಲ್ಲಿ ಅದು 1.8 ಮಿಲಿಮೀಟರ್, 40ರಲ್ಲಿ 0.45. ಮಸೂರದ ಸಂಖ್ಯೆ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವೃತ್ತ ಕಿರಿದಾಗುತ್ತದೆ. 10ರಲ್ಲಿ ಈರುಳ್ಳಿಯ ಆರು ಕೋಶಗಳು ಉದ್ದಕ್ಕೆ ಹಿಡಿದರೆ ಒಂದರ ಉದ್ದ 0.3 ಮಿಲಿಮೀಟರ್. ಕೆನ್ನೆಯ ಕೋಶ ಸುಮಾರು 0.05ರಿಂದ 0.06ರಷ್ಟು.

ಚಿತ್ರ ಬರೆಯುವಾಗ ಒಂದು ಕಣ್ಣು ಐಪೀಸ್‌ನಲ್ಲಿರಲಿ, ಇನ್ನೊಂದನ್ನೂ ಮುಚ್ಚದೆ ತೆರೆದೇ ಇರಿಸಿ. ಆರಂಭದಲ್ಲಿ ಕಷ್ಟ, ಆದರೆ ಕಣ್ಣು ಬಳಲುವುದಿಲ್ಲ. ಚೂಪು ಪೆನ್ಸಿಲಿನಲ್ಲಿ ಎರಡು ಮೂರು ಕೋಶಗಳನ್ನಷ್ಟೇ ದೊಡ್ಡದಾಗಿ ಬರೆಯಿರಿ, ನೆರಳು ತುಂಬಬೇಡಿ. ವಸ್ತುವಿನ ಹೆಸರು, ಹಾಕಿದ ಬಣ್ಣ, ವರ್ಧನೆ ಕೆಳಗಿರಲಿ. ಕಾಣದ ಭಾಗಕ್ಕೆ ಹೆಸರಿನ ಗೆರೆ ಬೇಡ. ಶಿಕ್ಷಕರು ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಐದು ಭಾಗ ಗುರುತಿಸಿದವರಿಗಿಂತ, ಮೂರೇ ಭಾಗ ಗುರುತಿಸಿ ‘ಈ ಕೋಶದಲ್ಲಿ ಕೋಶಕೇಂದ್ರ ಸಿಗಲಿಲ್ಲ’ ಎಂದು ಬರೆದ ಹುಡುಗಿಗೆ ಹೆಚ್ಚು ಅಂಕ ಕೊಡಿ. ಮೊಬೈಲ್ ಕ್ಯಾಮೆರಾವನ್ನು ಐಪೀಸ್ ಮೇಲೆ ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ ಹಿಡಿದರೆ ಫೋಟೋ ಬರುತ್ತದೆ, ಆದರೆ ಅದು ಪೆನ್ಸಿಲ್ ಕೆಳಗಿಟ್ಟ ಮೇಲೆ.

ಏಳುವ ಮುನ್ನ ಕಡಿಮೆ ವರ್ಧನೆಯ ಮಸೂರವನ್ನು ಕೆಳಮುಖವಾಗಿರಿಸಿ, ಮಸೂರಗಳನ್ನು ಲೆನ್ಸ್ ಕಾಗದದಿಂದ ಮಾತ್ರ ಒರೆಸಿ. ಅಂಗಿಯ ತುದಿ, ಕರವಸ್ತ್ರ ಎರಡೂ ಗೀರು ಬೀಳಿಸುತ್ತವೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಹಿಡಿದರೆ ತೆಗೆಯುವುದು ದುಬಾರಿ. ಅಲ್ಲಿಯವರು ಐಪೀಸ್ ಮತ್ತು ಆಬ್ಜೆಕ್ಟಿವ್‌ಗಳನ್ನು ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಒಳ್ಳೆಯದು. ಬಿಚ್ಚಿದ ಜಾಗಗಳಿಗೆ ಮುಚ್ಚಳ ಹಾಕಲು ಮರೆಯಬೇಡಿ.